ಜಗಲಿಯ ಮೇಲಿನ ಲೇತು

ಬಲ್ಮಠದ ಗುಡ್ಡದ ಹಿಂಬದಿಯಲ್ಲಿ ಅಪ್ಪ ಕಟ್ಟಿಸಿದ ಮನೆಗೆ ಕೋಣೆಗಳೇನೋ ಇದ್ದವು, ಆದರೆ ನಾವು ಬದುಕಿದ್ದೆಲ್ಲ ಜಗಲಿಯಲ್ಲಿ. ಒಳಗೆ ಹಗಲಲ್ಲೂ ಕತ್ತಲೆ. ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದವರಿಗೆ ಸ್ವಂತ ಮನೆಯ ಮಾಡಿಗೆ ಒಂದು ಗಾಜಿನ ಹೆಂಚು ಹಾಕಿಸಬೇಕೆಂದು ನೆನಪಾಗಲಿಲ್ಲವಲ್ಲ ಎಂದು ಅಮ್ಮ ಬಂದವರೆದುರೆಲ್ಲ ಆಡಿಕೊಳ್ಳುತ್ತಿದ್ದಳು. ಜಗಲಿಗೆ ಮಾತ್ರ ಬೆಳಕು ಧಾರಾಳವಾಗಿ ಬರುತ್ತಿತ್ತು. ಆ ಬೆಳಕು ಚೆನ್ನಾಗಿ ಬೀಳುವ ಮೂಲೆಯನ್ನು, ಬಂದವರಿಗೆ ಚಾಪೆ ಹಾಸಬೇಕಾದ ಜಾಗವನ್ನು, ಲೇತು ಹಿಡಿದುಕೊಂಡಿತ್ತು. ಮರದ ತುಂಡನ್ನು ಎರಡು ಮೊನೆಗಳ ನಡುವೆ ಸಿಕ್ಕಿಸಿ, ಕೆಳಗಿನ ಹಲಗೆಯನ್ನು ಕಾಲಿನಿಂದ ತುಳಿದರೆ ಭಾರದ ಬೀಡುಕಬ್ಬಿಣದ ಚಕ್ರ ತಿರುಗಿ, ಚರ್ಮದ ಪಟ್ಟಿ ಓಡಿ, ಮರವೂ ತಿರುಗುತ್ತದೆ. ತಿರುಗುವ ಮರಕ್ಕೆ ಉಳಿ ಹಿಡಿದು ದುಂಡಗೆ ಕಡೆಯುವುದು. ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುವ ಶೆಡ್ಡಿಗೆ ಹೊಸ ಯಂತ್ರ ಬಂದಾಗ ಇದನ್ನು ಮಳೆಗೆ ಎಸೆದಿದ್ದರಂತೆ. ಅಪ್ಪ ಕೇಳಿ ಎತ್ತಿನಗಾಡಿಯಲ್ಲಿ ಹಾಕಿಸಿಕೊಂಡು ತಂದರು. ಅಂದು ಅಮ್ಮ ಗಾಡಿಯವನಿಗೆ ನೀರುಬೆಲ್ಲ ಕೊಟ್ಟಳೇ ಹೊರತು ಅಪ್ಪನ ಕೂಡೆ ಮಾತಾಡಲಿಲ್ಲ.

ಆ ಮನೆ ನಮ್ಮದಲ್ಲ ಎಂಬುದು ನನಗೆ ಬುದ್ಧಿ ತಿಳಿಯುವ ಮೊದಲೇ ತಿಳಿದಿತ್ತು. ನಮ್ಮದು ಅಳಿಯಕಟ್ಟು. ಗಂಡಸು ತೀರಿಕೊಂಡರೆ ಅವನದ್ದೆಂಬುದೆಲ್ಲ ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ. ಹೆಂಡತಿ ತನ್ನ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗುತ್ತಾಳೆ, ಅಲ್ಲಿ ಆ ಮಕ್ಕಳಿಗೆ ಸೋದರಮಾವನ ಆಸ್ತಿಯಲ್ಲಿ ಪಾಲಿರುತ್ತದೆ. ಈಗಿನವರು ಕೇಳಿದರೆ ಹೌಹಾರುತ್ತಾರೆ, ಆದರೆ ಆಗ ಇದರಲ್ಲಿ ಯಾರಿಗೂ ಅನ್ಯಾಯ ಕಂಡದ್ದಿಲ್ಲ. ಒಂದು ಮನೆ ಬಿಟ್ಟರೆ ಇನ್ನೊಂದು ಮನೆ ಕಾದಿರುತ್ತಿತ್ತು. ಈಗ ಶಕ್ತಿನಗರ ಎನ್ನುವ ಕಡೆಯಲ್ಲಿ, ಆಗ ಬರೀ ಗೇರುಮರಗಳಿದ್ದ ಗುಡ್ಡದ ತಪ್ಪಲಲ್ಲಿ, ಅಮ್ಮನ ಅಣ್ಣನ ಮನೆ ಇತ್ತು. ಅಲ್ಲಿಗೆ ಹೋದಾಗ ಅಮ್ಮ ದನದ ಹಟ್ಟಿಯಿಂದ ಉಪ್ಪಿನಕಾಯಿ ಭರಣಿಯವರೆಗೆ ಎಲ್ಲವನ್ನೂ ಯಜಮಾನಿಯ ಹಾಗೆ ನೋಡಿಕೊಂಡು ಬರುತ್ತಿದ್ದಳು. ಬಲ್ಮಠದ ಅಂಗಳದಲ್ಲಿ ಮಾತ್ರ ಅವಳು ಒಂದು ಮಲ್ಲಿಗೆ ಬಳ್ಳಿಯನ್ನೂ ನೆಟ್ಟವಳಲ್ಲ. ನಾನು ಒಬ್ಬಳೇ ಮಗಳು. ಆಟವಾಡುತ್ತ ಗೋಡೆಗೆ ಇದ್ದಿಲಲ್ಲಿ ಗೀಚಿದರೆ ಅಮ್ಮ ಗದರುತ್ತಿದ್ದದ್ದು ಗೋಡೆ ಹಾಳಾಯಿತೆಂದಲ್ಲ, ಮಾಮಿ ನೋಡಿದರೆ ಏನೆಂದುಕೊಂಡಾರು ಎಂದು. ಮಾಮಿ ಎಂದರೆ ಅಪ್ಪನ ಅಕ್ಕ. ಅವರ ಮಗ ಸಂಜೀವ ಭಾವನೇ ನಾಳೆ ಆ ಗೋಡೆಯ ವಾರಸುದಾರ.

ಲೇತು ಬಂದಾಗ ಅಪ್ಪನಿಗೆ ಅದರ ಗಂಧಗಾಳಿ ಇರಲಿಲ್ಲ. ಹೊಟ್ಟೆಪಾಡಿಗೆ ಬೇಕಾಗಿದ್ದರೆ ಯಾರಾದರೂ ಗುರುವನ್ನು ಹಿಡಿಯುತ್ತಿದ್ದರೋ ಏನೋ, ಇದು ಬರೀ ಹುಚ್ಚು, ಹಾಗಾಗಿ ತಾನೇ ಬಿದ್ದು ತಾನೇ ಎದ್ದರು. ಮೊದಲು ಪೇಟೆಯಿಂದ ಬಡಗಿಯ ಉಳಿಗಳನ್ನೇ ತಂದರು. ಗಿಡ್ಡ ಹಿಡಿಯ ಆ ಉಳಿಗಳು ತಿರುಗುವ ಮರಕ್ಕೆ ತಾಗಿದ ಕೂಡಲೇ ಕೈಯಿಂದ ಹಾರಿ ಅಂಗಳಕ್ಕೆ ಬೀಳುತ್ತಿದ್ದವು. ಕಡೆಯುವ ಉಳಿಗೆ ಹಿಡಿ ಉದ್ದ ಇರಬೇಕು, ಕಂಕುಳಿಗೆ ಒತ್ತಿ ಹಿಡಿದು ಕೈಗಿಂತ ಹೆಚ್ಚು ಮೈಯಿಂದಲೇ ನಡೆಸಬೇಕು ಎಂದು ತಿಳಿಯಲಿಕ್ಕೆ ಒಂದು ಮಳೆಗಾಲ ಹಿಡಿಯಿತು. ಆಮೇಲೆ ಹಳೆಯ ಅರಗಳನ್ನು ಸಾಣೆಗೆ ಹಿಡಿದು ಉಳಿ ಮಾಡುವ ಹುಚ್ಚು. ಅರದ ಉಕ್ಕು ಗಟ್ಟಿ, ಆದರೆ ಬಾಗುವುದಿಲ್ಲ. ಒಂದು ದಿನ ಅದು ಲಟಕ್ಕೆಂದು ಮುರಿದು ಅಪ್ಪನ ಕೆನ್ನೆ ಸೀಳಿತು. ಅಮ್ಮ ಅರಸಿನ ಮೆತ್ತುತ್ತ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಗಾಯ ಮಾಯುವ ಮೊದಲೇ ಅಪ್ಪ ಬಚ್ಚಲ ಒಲೆಯ ಮುಂದೆ ಕೂತು ಅರವನ್ನು ಕಾಯಿಸುತ್ತಿದ್ದರು, ಉಕ್ಕಿಗೆ ಒಣಹುಲ್ಲಿನ ಬಣ್ಣ ಬಂದ ಕೂಡಲೇ ತೆಗೆದು ನೀರಿಗೆ ಅದ್ದುತ್ತಿದ್ದರು. ಹಾಗೆ ಕಾಯಿಸಿದ್ದು ಮತ್ತೆ ಮುರಿಯಲಿಲ್ಲ. ಕೊನೆಗೆ ಅವರ ಬಳಿ ಉಳಿದದ್ದು ಕೆಲವೇ ಉಳಿಗಳು, ಎಲ್ಲಕ್ಕೂ ಅವರೇ ಇಟ್ಟ ಹೆಸರುಗಳು. ಒರಟು ಮರವನ್ನು ದುಂಡಗೆ ಮಾಡಲು ದೋಣಿಯ ಹಾಗೆ ಒಳಗೆ ತಗ್ಗಿದ್ದ ತೋಡುಳಿ, ನುಣುಪು ತರಲು ಓರೆ ಬಾಯಿಯ ಓರೆಯುಳಿ, ತುದಿ ಕತ್ತರಿಸಿ ಬಿಡಿಸಲು ಸಪೂರದ ಸೀಳುಳಿ. ಬೇರೆಯವೆಲ್ಲ ಆಸೆಗೆ ಮಾಡಿದವು, ಕೆಲಸಕ್ಕಲ್ಲ ಎಂದು ಅವರೇ ನಗುತ್ತಿದ್ದರು.

ಮರದ ವಿಷಯದಲ್ಲೂ ಹಾಗೇ. ಹಸಿ ಹಲಸಿನ ಮರವನ್ನು ಕಡೆಯುವುದು ಬೆಣ್ಣೆ ಕೊಯ್ದಷ್ಟು ಸುಲಭ. ಅಪ್ಪ ಹಿರಿಹಿರಿ ಹಿಗ್ಗಿ ಅದರಲ್ಲಿ ಉಪ್ಪು ಹಾಕುವ ಬಟ್ಟಲು ಮಾಡಿಕೊಟ್ಟರು. ವಾರ ಕಳೆಯುವುದರೊಳಗೆ ಬಟ್ಟಲು ಬಾಯಿಬಿಟ್ಟು ಉಪ್ಪುನೀರೆಲ್ಲ ಅಟ್ಟಣಿಗೆಯ ಮೇಲೆ ಹರಿಯಿತು. ಬೀಟೆಯ ಹುಡಿ ಮೂಗಿಗೆ ಹೋಗಿ ಇಡೀ ಮನೆ ಸೀನುತ್ತಿತ್ತು. ಒಮ್ಮೆ ನದಿಯಾಚೆಯ ಬೆಂಗ್ರೆಯಲ್ಲಿ ಮುರಿದ ದೋಣಿಯ ಮರ ಸಿಗುತ್ತದೆ ಎಂದು ಕೇಳಿ ನನ್ನನ್ನೂ ಕರೆದುಕೊಂಡು ಹೋದರು. ಕಡವು ದಾಟುವಾಗ ನದಿಯ ಗಾಳಿಗೆ ಅಪ್ಪನ ಟೊಪ್ಪಿ ಹಾರಿ ನೀರಿಗೆ ಬಿತ್ತು. ಅಂಬಿಗ ಹುಟ್ಟಿನಿಂದ ಅದನ್ನು ಎತ್ತಿ ಕೊಟ್ಟ. ಅಪ್ಪ ಒದ್ದೆ ಟೊಪ್ಪಿಯನ್ನೇ ತಲೆಗೆ ಇಟ್ಟುಕೊಂಡು, ಮುಖದ ಮೇಲೆ ನೀರು ಇಳಿಯುತ್ತಿದ್ದರೂ ಏನೂ ಆಗದವರ ಹಾಗೆ ಕೂತರು. ನಾನು ಅವರನ್ನು ಅಷ್ಟು ಸಂತೋಷದಲ್ಲಿ ನೋಡಿದ್ದು ಕಡಿಮೆ. ತಂದ ಹಲಗೆ ಚಂದವಿತ್ತು, ಆದರೆ ಒಳಗೆ ಕಾಣದ ಮೊಳೆಯೊಂದು ತೋಡುಳಿಯ ಬಾಯಿಯನ್ನು ಹಾರಿಸಿತು. ಅದನ್ನು ಮತ್ತೆ ಸಾಣೆ ಹಿಡಿದು ಮುಗಿಸುವಾಗ ಒಂದು ಬೆರಳಿನಷ್ಟು ಉಕ್ಕು ಸವೆದಿತ್ತು.

ನಾನು ಕಲಿಯಬೇಕೆಂದು ಯಾರೂ ಹೇಳಲಿಲ್ಲ. ಜಗಲಿಯಲ್ಲೇ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ, ಕಣ್ಣು ಉಳಿಯ ಮೇಲೆ. ಕಣ್ಣಿನ ಹಿಂದೆ ಕೈ ಹೋಯಿತು. ಅಪ್ಪ ನನ್ನ ಎತ್ತರಕ್ಕೆ ನಿಲ್ಲಲು ಒಂದು ಹಲಗೆ ಬಡಿದರು, ತುಳಿಯುವ ಹಲಗೆಯನ್ನು ಹತ್ತಿರಕ್ಕೆ ತಂದರು, ನನ್ನ ಮುಷ್ಟಿಗೆ ಹಿಡಿಯುವಷ್ಟೇ ದಪ್ಪದ ಹಿಡಿಗಳನ್ನು ರೆಂಜೆಯ ಮರದಲ್ಲಿ ಕಡೆದು ನನಗೆಂದೇ ಬೇರೆ ಉಳಿಗಳಿಗೆ ತೊಡಿಸಿದರು. ಮಾತು ಕಡಿಮೆ. ನನ್ನ ಹಿಂದೆ ನಿಂತು ನನ್ನ ಕೈಗಳ ಮೇಲೆ ತನ್ನ ಕೈ ಇಡುತ್ತಿದ್ದರು. ಅವರು ಹೇಳಿದ ಒಂದು ಮಾತನ್ನು ಮಾತ್ರ ನಾನು ಈ ವಯಸ್ಸಿನಲ್ಲೂ ಅವರದೇ ಸ್ವರದಲ್ಲಿ ಕೇಳಬಲ್ಲೆ.

“ಉಳಿಯ ಹಿಂಬದಿ ಮೊದ್ಲು ಮರಕ್ಕೆ ತಾಗ್ಬೇಕು ಗುಲಾಬಿ. ಬಾಯಿ ಆಮೇಲೆ. ಅವಸರ ಮಾಡಿದ್ರೆ ಅದು ಮರವನ್ನು ಕೊಯ್ಯುವುದಿಲ್ಲ, ನಿನ್ನನ್ನೇ ಎಳೀತದೆ.”

ಹುಡಿ ಬಿದ್ದರೆ ಕೆರೆದದ್ದು, ಸುರುಳಿ ಸುರುಳಿಯಾಗಿ ಸಿಪ್ಪೆ ಬಂದರೆ ಕೊಯ್ದದ್ದು. ನನ್ನ ಕೈಯಿಂದ ಮೊದಲ ಸುರುಳಿ ಬಂದ ದಿನ ಅಪ್ಪ ಅದನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡೇ ಊಟಕ್ಕೆ ಕೂತರು. ಅಮ್ಮನ ಕಣ್ಣಿಗೆ ಇದೆಲ್ಲ ಬೀಳುತ್ತಿರಲಿಲ್ಲವೆಂದಲ್ಲ. ಗಂಜಿಗೆ ಹುಡಿ ಬೀಳುತ್ತದೆ, ಒಣಮೀನಿನ ಚಟ್ನಿಯಲ್ಲಿ ಮರದ ಸಿಪ್ಪೆ, ಹೆಣ್ಣುಮಗುವಿನ ಅಂಗೈ ಬಡಗಿಯ ಅಂಗೈ ಆಯಿತು, ನಾಳೆ ಕೈ ಹಿಡಿಯುವವನು ಹೆದರಿ ಓಡುತ್ತಾನೆ ಎಂದು ರಾಗ ಎಳೆಯುತ್ತಿದ್ದಳು. ಅಪ್ಪ ಅದಕ್ಕೆಲ್ಲ ಹೂಂಗುಟ್ಟಿ ಮತ್ತೊಂದು ಸೌಟು ಗಂಜಿ ಹಾಕಿಸಿಕೊಳ್ಳುತ್ತಿದ್ದರು. ಜಗಳ ಮುಂದುವರಿಸಲು ಎದುರಾಳಿಯೇ ಇಲ್ಲದೆ ಅಮ್ಮ ಸುಸ್ತಾಗಿ, ಅದೇ ಸಿಪ್ಪೆಗಳನ್ನು ಗುಡಿಸಿ ಗೋಣಿಯಲ್ಲಿ ತುಂಬಿಸಿ ಬಚ್ಚಲ ಒಲೆಗೆ ಇಡುತ್ತಿದ್ದಳು. ಇಷ್ಟೆಲ್ಲ ಆದ ಮೇಲೆ ಒಂದು ದಿನ ಅವಳೇ, ಮಜ್ಜಿಗೆ ಕಡೆಯುವ ಕೋಲು ಸವೆದಿದೆ, ಹೇಗೂ ದಿನವಿಡೀ ತಿರುಗಿಸುತ್ತೀರಲ್ಲ, ಒಂದು ಮಾಡಿಕೊಡಿ ಎಂದಳು. ಅಪ್ಪ ತಾನು ಒಣಗಲು ಹಾಕಿದ್ದ ಹಲಸಿನ ತುಂಡುಗಳಲ್ಲೇ ಬಹಳ ಹೊತ್ತು ಆರಿಸಿ, ಗಂಟಿಲ್ಲದ ಒಂದನ್ನು ಲೇತಿಗೆ ಏರಿಸಿದರು. ಆ ಲೇತಿನಿಂದ ಅಮ್ಮ ಬಾಯಿಬಿಟ್ಟು ಕೇಳಿದ್ದು ಅದೊಂದೇ.

ಆ ದಿನಗಳಲ್ಲೇ ಒಂದು ಸಂಜೆ, ಊಟದ ನಡುವೆ, ಅಪ್ಪ ಅಮ್ಮನಿಗೆ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ.

“ಮನೆ ಅಕ್ಕನ ಮಕ್ಕಳಿಗೆ. ಅದು ಕಟ್ಟು, ಅದಕ್ಕೆ ನನ್ನ ತಕರಾರಿಲ್ಲ. ಲೇತು ಮಾತ್ರ ಗುಲಾಬಿಗೆ. ಅಕ್ಕ ಬರುವಾಗ ಎದುರಲ್ಲೇ ಹೇಳಿಬಿಡ್ತೇನೆ.”

ನಮ್ಮಲ್ಲಿ ಗಂಡಸು ಬದುಕಿರುವಾಗಲೇ ಅಕ್ಕತಂಗಿಯರ ಎದುರು ವೀಳ್ಯ ಹಿಡಿದು ಒಂದು ವಸ್ತು ಇಂಥವರಿಗೆ ಎಂದರೆ ಆ ಮಾತನ್ನು ಯಾರೂ ಮುರಿಯುತ್ತಿರಲಿಲ್ಲ. ಅದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಬಾಯಿಬಿಟ್ಟು ಹೇಳಲೇಬೇಕು. ಆ ರಾತ್ರಿ ನನಗೆ ಖುಷಿಯೋ ಖುಷಿ, ಏಕೆಂದರೆ ನನಗೆ ಅರ್ಥವಾದದ್ದು ಲೇತು ನನ್ನದೆಂಬುದು ಮಾತ್ರ. ಅದು ನನ್ನದಾಗಬೇಕಾದರೆ ಮೊದಲು ಏನಾಗಬೇಕು ಎಂಬುದು ನನ್ನ ತಲೆಗೆ ಹೋಗಲಿಲ್ಲ. ಅಮ್ಮನ ತಲೆಗೆ ಹೋಗಿತ್ತು. ಅವಳು ಉಣ್ಣದೆ ಎದ್ದಳು.

ಮಾಮಿ ಬಂದದ್ದು ಹೊಸ ಅಕ್ಕಿಯ ಊಟಕ್ಕೆ. ಪ್ರತಿ ವರ್ಷ ಮೂಲಮನೆಯ ಗದ್ದೆಯಿಂದ ಹಸಿ ತೆನೆಯನ್ನು ಅವರೇ ತಂದು ನಮ್ಮ ಬಾಗಿಲಿಗೆ ಕಟ್ಟುತ್ತಿದ್ದರು. ದೊಡ್ಡ ಮೈಯ, ಸಣ್ಣ ಸ್ವರದ ಹೆಂಗಸು. ನನಗೆಂದು ಪ್ರತಿ ಸಲ ಸೆರಗಿನ ಗಂಟಿನಲ್ಲಿ ಪುನರ್ಪುಳಿಯ ಸಿಪ್ಪೆ ತರುತ್ತಿದ್ದರು. ಸಂಜೀವ ಭಾವನಿಗೆ ಆಗಷ್ಟೇ ಮೀಸೆ ಚಿಗುರಿತ್ತು, ಅವನು ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಅಪ್ಪನ ಪಕ್ಕ ಕೂತಿದ್ದ. ಹೊಸ ಅಕ್ಕಿಯ ಅನ್ನ, ಹಲಸಿನ ಬೀಜ ಹಾಕಿದ ಸಾರು, ಪಾಯಸ. ಹೊಸತನ್ನು ಉಂಡು ಕಿರಿಯರು ಹಿರಿಯರ ಕಾಲಿಗೆ ಬಿದ್ದದ್ದೂ ಆಯಿತು. ಅಪ್ಪ ಜಗಲಿಯಲ್ಲಿ ವೀಳ್ಯದ ತಟ್ಟೆ ಎಳೆದುಕೊಂಡು, ಅಕ್ಕ, ಒಂದು ಮಾತುಂಟು ಎಂದರು. ನಾನು ಲೇತಿನ ಚಕ್ರ ಹಿಡಿದು ನಿಂತಿದ್ದೆ. ಆಗ ಅಮ್ಮ ಒಳಗಿನಿಂದ ಬಂದು, ಎಂದೂ ಅಕ್ಕ ತಮ್ಮನ ಮಾತಿಗೆ ನಡುವೆ ಬಾಯಿ ಹಾಕದವಳು, ಹೇಳಿದಳು.

“ಇವತ್ತು ಹೊಸತು ಉಂಡ ದಿನ. ಆ ಮಾತೆಲ್ಲ ಇವತ್ತು ಬೇಡ.”

ತುಂಬಿದ ಮನೆಯಲ್ಲಿ, ಬಾಗಿಲಿಗೆ ತೆನೆ ಕಟ್ಟಿದ ದಿನ, ತನ್ನ ಕಾಲಾನಂತರದ ಮಾತು ಆಡುವುದೆಂದರೆ ಸಾವನ್ನೇ ಕೈಬೀಸಿ ಕರೆದ ಹಾಗೆ ಎಂದು ನಮ್ಮವರೆಲ್ಲ ನಂಬಿದ್ದರು. ಅಪ್ಪ ಒಂದು ಗಳಿಗೆ ಅಮ್ಮನ ಮುಖ ನೋಡಿದರು. ಮಾಮಿ ಎಂತ ತಮ್ಮ ಎಂದು ಕೇಳಿದಾಗ, ಎಂತ ಇಲ್ಲ, ಇನ್ನೊಮ್ಮೆ ಬರುವಾಗ ಹೇಳಿದರಾಯಿತು ಎಂದು ಎಲೆಗೆ ಸುಣ್ಣ ಹಚ್ಚಿ ಅಕ್ಕನಿಗೆ ಕೊಟ್ಟರು. ನನಗೆ ಅಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳು ಅಪ್ಪನನ್ನು ಉಳಿಸಿಕೊಳ್ಳಲು ಹಾಗೆ ಮಾಡಿದಳು ಎಂದು ತಿಳಿಯಲಿಕ್ಕೆ ನಾನೇ ಒಬ್ಬನ ಹೆಂಡತಿಯಾಗಬೇಕಾಯಿತು.

ಬಾಗಿಲಿನ ತೆನೆ ಪೂರ್ತಿ ಒಣಗುವ ಮೊದಲೇ ಅಪ್ಪನಿಗೆ ಜ್ವರ ಬಂತು. ವಿಷಮಜ್ವರ ಎಂದರು. ಡಾಕ್ಟರು ಗಂಜಿಯ ತಿಳಿ ಬಿಟ್ಟು ಬೇರೇನೂ ಕೊಡಬಾರದೆಂದು ಹೇಳಿ ಹೋದರು. ಕತ್ತಲೆಯ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದವರು ಜ್ವರದ ಅಮಲಿನಲ್ಲಿ ಕಾಲು ಆಡಿಸುತ್ತಿದ್ದರು, ಲೇತು ತುಳಿಯುವ ಹಾಗೆ. ಅಮ್ಮ ಆ ಕಾಲನ್ನು ಹಿಡಿದುಕೊಂಡು ಕೂರುತ್ತಿದ್ದಳು. ಸ್ವಲ್ಪ ಎಚ್ಚರವಾದ ಒಂದು ಬೆಳಿಗ್ಗೆ, ಅಕ್ಕನನ್ನು ಬರಹೇಳು ಎಂದರು. ಅಮ್ಮ ಆ ಕ್ಷಣವೇ ಆಳು ಕಳಿಸಿದಳು. ಮಾಮಿ ಬರಿಗಾಲಲ್ಲಿ ಓಡಿ ಬಂದರು, ಆದರೆ ಅವರು ಬರುವಾಗ ಅಪ್ಪನ ಮಾತು ನಿಂತಿತ್ತು. ಮರುದಿನ ಉಸಿರೂ ನಿಂತಿತು. ಅಮ್ಮ ಅಳಲಿಲ್ಲ. ಬಂದ ಹೆಂಗಸರೆಲ್ಲ ಎದೆ ಬಡಿದುಕೊಂಡು ಅತ್ತರು, ಅಳು ಬಾರದಿದ್ದರೆ ಹುಚ್ಚು ಹಿಡಿಯುತ್ತದೆ ಎಂದು ಅವಳನ್ನು ಅಲುಗಾಡಿಸಿ ನೋಡಿದರು. ಅವಳು ಕತ್ತಲೆಯ ಕೋಣೆಯ ಮೂಲೆಯಲ್ಲಿ ಕೂತವಳು ಕೂತೇ ಇದ್ದಳು. ನಾನು ಅತ್ತು ಅತ್ತು ನಿದ್ದೆ ಹೋಗುತ್ತಿದ್ದೆ, ಎದ್ದು ಮತ್ತೆ ಅಳುತ್ತಿದ್ದೆ.

ಬೊಜ್ಜ, ಎಂದರೆ ಉತ್ತರಕ್ರಿಯೆಯ ಊಟ, ಮುಗಿದ ಮರುದಿನ ನಾವು ಹೊರಡಬೇಕಿತ್ತು. ಸೋದರಮಾವ ನಮ್ಮ ಪೆಟ್ಟಿಗೆ, ಪಾತ್ರೆಗಳಿಗೆ ಆಳುಗಳನ್ನು ಕರೆದುಕೊಂಡು ಬರುವವರಿದ್ದರು. ಮಾಮಿ ಮತ್ತು ಭಾವ ಹಿಂದಿನ ದಿನದಿಂದ ಅಲ್ಲೇ ಇದ್ದರು, ಈಗ ಮನೆ ಅವರದು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಅದನ್ನು ನಾನು ಹೇಳಲೇಬೇಕು. ಮಾಮಿ ಅಮ್ಮನ ಸೀರೆಗಳನ್ನು ತಾವೇ ಮಡಿಸಿ ಪೆಟ್ಟಿಗೆಗೆ ಇಟ್ಟರು. ಉಪ್ಪಿನಕಾಯಿಯ ಭರಣಿ ತೆಗೆದುಕೊಂಡು ಹೋಗು ಎಂದು ಒತ್ತಾಯ ಮಾಡಿದರು. ಲೇತಿನ ಮಾತು ಬಂದಾಗ ಮಾತ್ರ, ಇಲ್ಲಿ ಮನೆಗೆ ಬೀಗ ಹಾಕುವುದು, ಲೇತನ್ನು ಬಿಚ್ಚಿ ಮೂಲಮನೆಗೆ ಸಾಗಿಸುವುದು ಎಂದು ಮಗನಿಗೆ ಹೇಳಿದರು. ಅದಕ್ಕೆ ಮಧ್ಯಾಹ್ನಕ್ಕೆ ಗಾಡಿ ಹೇಳಿ ಆಗಿತ್ತು. ನಾನು ಮಾಮಿಯ ಸೆರಗು ಹಿಡಿದು, ಅದು ನನಗೆ ಅಂತ ಅಪ್ಪ ಹೇಳಿದ್ದಾರೆ ಎಂದೆ. ಮಾಮಿ ನನ್ನ ತಲೆ ಸವರಿದರು. ಯಾರೆದುರು ಹೇಳಿದ್ದು ಮಗಾ ಎಂದು ಮೆಲ್ಲಗೆ ಕೇಳಿದರು. ನಾನು ಸೆರಗು ಬಿಟ್ಟು ಜಗಲಿಗೆ ಹೋದೆ.

ಜಗಲಿಯಲ್ಲಿ ಭಾವ ಲೇತಿನ ಸುತ್ತ ಸುತ್ತುತ್ತಿದ್ದ. ಅಮ್ಮ ಕೇಳಿದ್ದ ಮಜ್ಜಿಗೆ ಕೋಲು ಅರೆಬರೆಯಾಗಿ ಮೊನೆಗಳ ನಡುವೆ ಹಾಗೆಯೇ ಇತ್ತು. ಬಿಚ್ಚುವ ಮೊದಲು ಒಮ್ಮೆ ಓಡಿಸಿ ನೋಡುವ ಆಸೆ ಅವನಿಗೆ, ಆ ವಯಸ್ಸಿನ ಯಾರಿಗಾದರೂ ಇರುವಂಥದ್ದೇ. ಓರೆಯುಳಿಯನ್ನು ಎತ್ತಿಕೊಂಡು, ಮೊನೆ ಮುಂದೆ ಮಾಡಿ, ಈಟಿ ಹಿಡಿದ ಹಾಗೆ ಹಿಡಿದು ಕಾಲು ಹಲಗೆಯ ಮೇಲೆ ಇಟ್ಟ. ಹಾಗೇ ತುಳಿದಿದ್ದರೆ ಉಳಿ ಎಗರಿ ಅವನ ಕಣ್ಣಿಗೇ ಬರುತ್ತಿತ್ತು. ಎಗರಲಿ ಎಂದು ಒಂದು ಗಳಿಗೆ ನನಗೆ ಅನಿಸಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅಪ್ಪನ ಕೆನ್ನೆಯ ಕಲೆ ನೆನಪಾಯಿತು, ನಾನು ನಿಲ್ಲು ಎಂದು ಹೋಗಿ ಅವನ ಕೈ ಹಿಡಿದೆ. ಇದು ಯಾವುದಕ್ಕೆ, ಅದು ಯಾವುದಕ್ಕೆ ಎಂದು ಅವನು ಒಂದೊಂದನ್ನೇ ಎತ್ತಿ ಕೇಳಿದ. ನಾನು ಹೇಳುತ್ತ ಹೋದೆ. ತೋಡುಳಿ ಮೊದಲು, ಓರೆಯುಳಿ ಕೊನೆಗೆ, ಹಿಡಿಯನ್ನು ಮೈಗೆ ಒತ್ತಿಕೊಳ್ಳಬೇಕು, ಹಿಂಬದಿ ಮೊದಲು ಬಾಯಿ ಆಮೇಲೆ, ಹುಡಿ ಬಂದರೆ ತಪ್ಪು, ಸುರುಳಿ ಬಂದರೆ ಸರಿ. ಹೇಳುತ್ತ ಹೇಳುತ್ತ ಅಪ್ಪ ನನಗೆ ಕೊಟ್ಟದ್ದನ್ನೆಲ್ಲ ನಾನೇ ಎತ್ತಿ ಅವನಿಗೆ ಕೊಡುತ್ತಿದ್ದೇನೆ ಎಂದು ಗೊತ್ತಾಗುತ್ತಿತ್ತು, ಆದರೂ ನಿಲ್ಲಿಸಲಿಕ್ಕೆ ಆಗಲಿಲ್ಲ. ಭಾವ ಸೂಕ್ಷ್ಮದ ಹುಡುಗ, ಬೇಗ ಹಿಡಿದುಕೊಂಡ. ಅವನು ತುಳಿದಾಗ ಚಕ್ರ ಎಂದಿನ ಹಾಗೆ ಗುಂಯ್ ಎಂದು ಎದ್ದಿತು, ಕೋಲು ತಿರುಗಿತು, ತೋಡುಳಿಯ ಕೆಳಗಿನಿಂದ ಹಳದಿ ಸುರುಳಿ ಹೊರಬಂತು.

ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಅಮ್ಮ ಬಾಗಿಲಿಗೆ ಬಂದಳು. ಎಷ್ಟೋ ದಿನಗಳಿಂದ ಕೋಣೆ ಬಿಟ್ಟು ಬಾರದವಳು ಸೆರಗನ್ನೂ ಸರಿಮಾಡಿಕೊಳ್ಳದೆ ಬಂದು, ಅಪ್ಪ ದಿನಾ ಸಂಜೆ ಲೇತಿನ ಮೇಲೆ ಮೈಮರೆತಾಗ ತಾನು ಹೇಳುತ್ತಿದ್ದ ಮಾತನ್ನೇ ಅದೇ ಬೇಸರದ ಸ್ವರದಲ್ಲಿ ಹೇಳಿದಳು. ಆ ಮಾತನ್ನು ನಾನು ಇಷ್ಟು ಹೊತ್ತು ಬರೆಯಲಿಲ್ಲ, ಬರೆಯುವಂಥದ್ದೆಂದು ಅನಿಸಿರಲಿಲ್ಲ.

“ಸಾಕು, ಗಂಜಿ ತಣೀತದೆ.”

ಭಾವ ತಿರುಗಿ ನೋಡಿದ. ಅವನ ಕಾಲು ನಿಂತಿತು, ಚಕ್ರ ಮಾತ್ರ ತನ್ನ ಭಾರಕ್ಕೆ ಇನ್ನೂ ತಿರುಗುತ್ತಿತ್ತು. ಅಮ್ಮ ಅದು ನಿಲ್ಲುವವರೆಗೂ ಅವನ ಮುಖ ನೋಡುತ್ತ ನಿಂತಳು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಅಳತೊಡಗಿದಳು. ಅಂಥ ಅಳು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಮಾಮಿ ಓಡಿ ಬಂದು ಅವಳನ್ನು ತಬ್ಬಿಕೊಂಡರು, ಅವರೂ ಅತ್ತರು. ಅಳುವಿನ ನಡುವೆಯೇ ಅಮ್ಮ ಹೇಳಿದಳು.

“ಹೊಸ ಅಕ್ಕಿಯ ದಿನ ಅವರು ಹೇಳ್ಲಿಕ್ಕೆ ಹೊರಟದ್ದು ಇದನ್ನೇ ಅಕ್ಕ. ಲೇತು ಮಗುವಿಗೆ ಅಂತ. ನಾನೇ ಬೇಡ ಅಂದದ್ದು.”

ಮಾಮಿ ತನ್ನ ಸೆರಗಿನಿಂದ ಅಮ್ಮನ ಮುಖ ಒರೆಸಿದರು. ಮತ್ತೆ ಮತ್ತೆ ಒರೆಸಿದರು.

“ನನಗೆ ಆವತ್ತೇ ಗೊತ್ತಾಗಿತ್ತು. ಆದ್ರೆ ಅವನು ಹೇಳ್ಲಿಲ್ಲ ಅಲ್ವಾ?”

ಮಧ್ಯಾಹ್ನ ಗಾಡಿ ಬಂತು. ಚಕ್ರವನ್ನೂ ಮೊನೆಗಳನ್ನೂ ಬಿಚ್ಚಿ ಹೊತ್ತರು. ಸಂಜೀವ ಭಾವ ಉಳಿಗಳನ್ನು, ನಾನು ಹೇಳಿಕೊಟ್ಟ ಹಾಗೆಯೇ, ಒಂದರ ಬಾಯಿಗೆ ಇನ್ನೊಂದು ತಾಗದಂತೆ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ, ನನ್ನ ಸಣ್ಣ ಹಿಡಿಯವುಗಳನ್ನು ಮೇಲೆ ಇಟ್ಟು, ಗಾಡಿಯಲ್ಲಿ ಅವುಗಳ ಪಕ್ಕದಲ್ಲೇ ಕೂತ.